ಏಣಿ ಇಳಿಯಬೇಡಿ

ಎಲ್ಲಕ್ಕೂ ಕಾರಣ ಮೇಲಿನ ಕಪಾಟಿನಲ್ಲಿದ್ದ ಒಂದು ನೀಲಿ ಕಡತ. ಅದನ್ನು ಕೆಳಗಿಳಿಸಿ ಕೊಟ್ಟರೆ ದಾಖಲೆ ಕೋಣೆಯ ಗುಮಾಸ್ತರ ಅರ್ಧ ದಿನದ ರಜೆ ಶುರು. ಅವರ ಮೆಚ್ಚಿನ ಬ್ಯಾಟ್ಸ್‌ಮನ್ ಅಂದು ಕೊನೆಯ ಬಾರಿಗೆ ಆಡುತ್ತಿದ್ದ. ಮಗಳು ಹುಟ್ಟಿದ ದಿನಾಂಕ ಮರೆತರೂ, ಅವನು ಮೊದಲ ಶತಕ ಹೊಡೆದ ದಿನಾಂಕ ಮರೆಯದವರು ಗುಮಾಸ್ತರು. ಮನೆಗೆ ಹೋಗಿ, ಟಿವಿ ಮುಂದೆ ಕೂತು, ಯಾರೊಂದಿಗೂ ಮಾತಾಡದೆ ಅವನನ್ನು ಬೀಳ್ಕೊಡಬೇಕು. ಅಷ್ಟೇ ಆಸೆ.

ಏಣಿಯ ಎಂಟನೇ ಮೆಟ್ಟಿಲೇರಿ ಕಡತಕ್ಕೆ ಕೈ ಹಾಕಿದ್ದರು. ಕೆಳಗೆ ಮೇಜಿನ ಮೇಲೆ ಟಪಾಲು ವಿಭಾಗದವನು, ಮ್ಯಾನೇಜರರಿಗೆ ಹೆದರಿ ಸದ್ದಡಗಿಸಿ, ಮೊಬೈಲಿನಲ್ಲಿ ಪಂದ್ಯ ಹಚ್ಚಿದ್ದ.

"ಸಿಕ್ಸ್! ರೀ, ಹಾಗೇ ಇರಿ, ಅಲ್ಲಾಡಬೇಡಿ! ನೀವು ಹತ್ತಿದ್ದೇ ತಡ, ಸಿಕ್ಸ್ ಬಂತು!"

"ನಾನು ಮನೆಗೆ ಹೋಗಬೇಕಪ್ಪಾ. ಟಿವಿ ನೋಡಬೇಕು."

"ದೇಶ ದೊಡ್ಡದೋ, ನಿಮ್ಮ ಟಿವಿ ದೊಡ್ಡದೋ?" ಟೈಪಿಸ್ಟ್ ಮೇಡಂ ಏಣಿಯ ಬುಡಕ್ಕೆ ಕುರ್ಚಿ ಎಳೆದುಕೊಂಡು ಕಾವಲು ಕೂತರು.

ಗುಮಾಸ್ತರು ಮೆಲ್ಲಗೆ ಒಂದು ಕಾಲು ಕೆಳಗಿಟ್ಟರು. ಆ ಕ್ಷಣವೇ ಒಂದು ವಿಕೆಟ್ ಬಿತ್ತು. ವಿಜ್ಞಾನ ಇನ್ನೂ ಕಂಡುಹಿಡಿಯದ ಈ ನಿಯಮವನ್ನು ಕಚೇರಿ ಸರ್ವಾನುಮತದಿಂದ ಒಪ್ಪಿತು. ಅಭಿಮಾನಿಯಾದ ತಪ್ಪಿಗೆ ಗುಮಾಸ್ತರೂ ಅರ್ಧ ನಂಬಿ, ಕಾಲನ್ನು ಮತ್ತೆ ಮೇಲಕ್ಕೆಳೆದುಕೊಂಡರು.

"ನಮ್ಮವನು ಈಗ ಹೊಡೆದನಲ್ಲ, ಹೇಗಿತ್ತು?" ಎಂದು ಮೇಲಿನಿಂದ ಅಂಗಲಾಚಿದರು.

"ಹೊಡೆದ. ಹೋಯ್ತು."

ಆ ಬ್ಯಾಟಿನ ಒಂದೊಂದು ತಿರುವಿಗೂ ಕಣ್ಣು ಒದ್ದೆ ಮಾಡಿಕೊಳ್ಳುತ್ತಿದ್ದ ಮನುಷ್ಯನಿಗೆ ಸಿಕ್ಕ ವರ್ಣನೆ ಇಷ್ಟು.

ಗದ್ದಲ ಕೇಳಿ ಮ್ಯಾನೇಜರರೇ ಬಂದರು. ಗುಮಾಸ್ತರಿಗೆ ಹೋದ ಜೀವ ಬಂದಂತಾಯಿತು. "ಸರ್, ರಜೆ ನೀವೇ ಕೊಟ್ಟಿದ್ದೀರಿ. ಇವರು ಇಳಿಯೋಕೆ ಬಿಡ್ತಿಲ್ಲ!"

ಮ್ಯಾನೇಜರರು ಮೊಬೈಲ್ ನೋಡಿದರು, ಏಣಿ ನೋಡಿದರು. "ರಜೇಲಿರೋರು ಎಲ್ಲಿದ್ರೇನ್ರೀ? ಅಲ್ಲೇ ಇರಿ" ಎಂದು ತಾವೂ ಒಂದು ಕುರ್ಚಿ ತರಿಸಿಕೊಂಡರು.

ಎರಡು ಗಂಟೆ ಕಳೆಯಿತು. ಗುಮಾಸ್ತರ ಮೀನಖಂಡಗಳು ಬಟ್ಟೆ ಒಗೆಯುವ ಯಂತ್ರದ ಹಾಗೆ ನಡುಗತೊಡಗಿದವು. ಯಾರೋ ಕನಿಕರಪಟ್ಟು ಕಿಟಕಿ ಎಳೆಯುವ ಕೋಲಿಗೆ ಚಹಾದ ಲೋಟ ಕಟ್ಟಿ ಮೇಲೆ ಕಳಿಸಿದರು. ಅರ್ಧ ಅವರು ಕುಡಿದರು, ಅರ್ಧ ಅವರ ಶರ್ಟು ಕುಡಿಯಿತು.

"ಕೊನೇ ಚೆಂಡು! ಎರಡು ರನ್ ಬೇಕು! ಉಸಿರೂ ಬಿಡಬೇಡಿ ಸಾರ್!"

ಆಗಲೇ ಗುಮಾಸ್ತರ ಜೇಬಿನ ಫೋನು ಬಡಿದುಕೊಂಡಿತು. ಹೆಂಡತಿ.

"ಎಲ್ಲಿದ್ದೀರಿ? ಎಲ್ಲಾ ಮುಗೀತಲ್ರೀ! ನಿಮ್ಮವನು ನೂರು ಹೊಡೆದು, ಗೆಲ್ಲಿಸಿ, ಬ್ಯಾಟ್ ಎತ್ತಿ ಅಳ್ತಾ ಹೋದ. ಕ್ರಿಕೆಟ್ ಅಂದ್ರೆ ಆಗದ ನಾನೂ ಅತ್ತುಬಿಟ್ಟೆ."

"ಮುಗೀತಾ? ಇಲ್ಲಿ ಇನ್ನೂ ಒಂದು ಚೆಂಡು ಬಾಕಿ ಇದೆಯಲ್ಲೇ!"

ಎಂಟು ಮೆಟ್ಟಿಲನ್ನು ಮೂರರಲ್ಲಿ ಇಳಿದು ಗುಮಾಸ್ತರು ಮೊಬೈಲ್ ಕಿತ್ತುಕೊಂಡರು. ಪರದೆಯಲ್ಲಿ ಅವರ ಆರಾಧ್ಯ ದೈವಕ್ಕೆ ತಲೆ ತುಂಬ ಕಪ್ಪು ಕೂದಲು.

"ಇದು ಆರು ವರ್ಷದ ಹಿಂದಿನ ಪಂದ್ಯ ಕಣ್ರೋ! ಯಾವುದೋ ಹಳೇ ವಿಡಿಯೊ ಹಚ್ಕೊಂಡು ನನ್ನನ್ನ..."

ಮಾತು ಮುಗಿಯುವ ಮೊದಲೇ ಪರದೆಯಲ್ಲಿ ಸ್ಟಂಪು ಹಾರಿತು. ಎಲ್ಲರ ಕಣ್ಣೂ ಖಾಲಿ ಏಣಿಯ ಮೇಲಿತ್ತು.

"ಹಳೇದಾ?" ಮ್ಯಾನೇಜರರು ಕೇಳಿದರು. "ಹಾಗಾದ್ರೆ ಇದರಲ್ಲಿ ನಾವು..."

"ಸೋತಿದ್ವಿ ಸರ್. ಕೊನೇ ಚೆಂಡಿಗೆ ಔಟು. ಒಂದೇ ರನ್ನಿಂದ."

ಮ್ಯಾನೇಜರರು ಗುಮಾಸ್ತರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು.

"ಆವತ್ತೂ ಹೀಗೇ ಮಧ್ಯದಲ್ಲಿ ಇಳಿದುಬಿಟ್ಟಿದ್ರಾ?"