ಹುಡುಗಿಯ ಸೈಕಲ್ ಮೇಲೆ ಮ್ಯಾನೇಜರು

ಸೈಕಲ್ ತಂಡದ ಮ್ಯಾನೇಜರ್ ಕೆಲಸವೆಂದರೆ ಜೀಪಿನಲ್ಲಿ ಕುಳಿತು ಹಿಂದೆ ಹಿಂದೆ ಹೋಗುವುದು, ಅಷ್ಟೇ ಎಂದು ನಾನು ತಿಳಿದಿದ್ದೆ. ಅರ್ಧ ಆಯುಷ್ಯ ರೇಸಿನಲ್ಲೇ ಕಳೆದವನು ನಾನು. ಸಂಬಳ ಪಡೆದು ಪೆಡಲ್ ತುಳಿದವನು! ಮೊಣಕಾಲು ಮುಷ್ಕರ ಹೂಡಿದ ಮೇಲೆ ಜಮಖಂಡಿಯ ಹುಡುಗಿಯರ ತಂಡಕ್ಕೆ ನನ್ನನ್ನು ಮ್ಯಾನೇಜರ್ ಮಾಡಿದರು. ಅವತ್ತೇ ಒಂದು ಟೋಪಿ, ಒಂದು ಸೀಟಿ ಕೊಂಡೆ.

ಒಂದೇ ತೊಡಕು. ನನಗೆ ಜೀಪು ಓಡಿಸಲು ಬರುತ್ತಿರಲಿಲ್ಲ! ನನ್ನ ಹೆಂಡತಿ ಶಾಂತಾ ಗಲಗಲಿಯ ತವರಿನಲ್ಲಿ ಟ್ರ್ಯಾಕ್ಟರ್ ಓಡಿಸಿ ಬೆಳೆದವಳು. ಸ್ಟೀರಿಂಗ್ ಅವಳ ಪಾಲಾಯಿತು.

“ನೀವು ಸುಮ್ಮ ಕುಂದರ್ರಿ. ಗಾಲಿ ಕೇಳಿದ್ರ ಗಾಲಿ ಕೊಡ್ರಿ, ನೀರು ಕೇಳಿದ್ರ ನೀರು ಕೊಡ್ರಿ. ಶಾಣ್ಯಾತನ ಮಾಡಬ್ಯಾಡ್ರಿ,” ಎಂದಳು.

“ಏ, ನನಗ ಹೇಳಾಕ ಬರ್ತಿಯೇನ!” ಎಂದು ಮೀಸೆ ತಿರುವಿದೆ.

ಅವತ್ತಿನ ರೇಸು ಮುಧೋಳದಿಂದ ಬೀಳಗಿಗೆ. ನಮ್ಮ ಕಸ್ತೂರಿ ಮೊದಲ ಮೂವರೊಳಗೆ ಬಂದರೆ ರಾಜ್ಯ ತಂಡಕ್ಕೆ ಆಯ್ಕೆ. ಬರದಿದ್ದರೆ ಸೈಕಲ್ ಮಾತೇ ಮುಗಿಯಿತು ಎಂದು ಅವರಪ್ಪ ಖಡಾಖಂಡಿತವಾಗಿ ಹೇಳಿಬಿಟ್ಟಿದ್ದ. ಬೆಳಿಗ್ಗೆ ಆ ಹುಡುಗಿ ನನ್ನ ಕಾಲು ಮುಟ್ಟಿ, “ಸರ್, ನೀವು ಹಿಂದ ಇರ್ತೀರಲ್ಲ, ನನಗ ಅಂಜಿಕಿಲ್ರಿ,” ಎಂದಿದ್ದಳು. ಪಾಪ!

ಕಬ್ಬಿನ ಟ್ರ್ಯಾಕ್ಟರುಗಳನ್ನು ದಾಟಿ ಎರಡನೆಯವಳಾಗಿ ಹೋಗುತ್ತಿದ್ದಾಗ ಅವಳ ಹಿಂದಿನ ಗಾಲಿ ಪಂಕ್ಚರ್ ಆಯಿತು. ನಾನು ಜೀಪಿನಿಂದ ಜಿಗಿದೆ. ಹಳೆಯ ಕೈ! ಕಣ್ಣು ಮಿಟುಕಿಸುವುದರೊಳಗೆ ಬೇರೆ ಗಾಲಿ ಹಾಕಿದೆ. ಅಷ್ಟಕ್ಕೇ ಬಿಟ್ಟಿದ್ದರೆ ಇದನ್ನು ಬರೆಯುವ ಪ್ರಸಂಗವೇ ಬರುತ್ತಿರಲಿಲ್ಲ. ಗಾಲಿ ಸರಿಯಾಗಿ ಕೂತಿದೆಯೋ ಇಲ್ಲವೋ ನೋಡೋಣವೆಂದು ನಾನೇ ಸೈಕಲ್ ಹತ್ತಿ ಒಂದೆರಡು ಸುತ್ತು ಪೆಡಲ್ ತುಳಿದೆ. ಅದೇ ಹೊತ್ತಿಗೆ ಹಿಂದಿದ್ದ ಇಬ್ಬರು ಹುಡುಗಿಯರು ಸರ್ರನೆ ಬಂದು ನನ್ನನ್ನು ದಾಟಿದರು.

ದಾಟುವುದೇ! ನನ್ನನ್ನು!

ಮುಂದಿನದನ್ನೆಲ್ಲ ಕಾಲುಗಳೇ ಮಾಡಿದವು. ಬೆನ್ನು ತಾನಾಗಿ ಬಾಗಿತು. ಇಬ್ಬರನ್ನೂ ಹಿಂದೆ ಹಾಕಿದೆ! ಹೊಲದಲ್ಲಿ ಕಬ್ಬು ಕಡಿಯುವವರು ಸಿಳ್ಳೆ ಹೊಡೆದರು. ಹಿಂದೆ ಜೀಪಿನ ಹಾರ್ನು ಒಂದೇ ಸಮನೆ ಅರಚುತ್ತಿತ್ತು. ಶಾಂತಾ ನನಗೆ ಹುರುಪು ತುಂಬುತ್ತಿದ್ದಾಳೆಂದು ಕಣ್ಣು ತುಂಬಿ ಬಂತು. ಖರೆ ಹೇಳುತ್ತೇನೆ, ರೇಸು ಬಿಟ್ಟ ಮೇಲೆ ಅಷ್ಟು ಸುಖ ನಾನು ಕಂಡಿರಲಿಲ್ಲ.

ಏರು ಬಂತು. ಮೊಣಕಾಲು ಹಳೆಯ ತಕರಾರು ತೆಗೆಯಿತು. ಆ ಇಬ್ಬರೂ ಮತ್ತೆ ನನ್ನನ್ನು ದಾಟಿ ಹೋದರು. ಅವರ ಹಿಂದೆಯೇ ಡಬಡಬ ಸದ್ದು. ತಿರುಗಿ ನೋಡಿದರೆ ಕಸ್ತೂರಿ! ಹಾಲಿನವನ ಸೈಕಲ್ ಮೇಲೆ, ಎರಡೂ ಕಡೆ ಖಾಲಿ ಕ್ಯಾನು ಬಡಿದಾಡಿಸುತ್ತ! ಜೀಪು ಹತ್ತಿದರೆ ರೇಸಿನಿಂದ ಔಟು. ಅದಕ್ಕೇ ದಾರಿಯಲ್ಲಿ ಹೊರಟಿದ್ದ ಬೀರಪ್ಪನೆಂಬ ಹಾಲಿನವನನ್ನು ಕೆಳಗಿಳಿಸಿ, ಅವನ ಸೈಕಲ್ ತುಳಿದುಕೊಂಡು ಬಂದು ನನ್ನನ್ನು ಹಿಡಿದಿದ್ದಳು. ಬೇರೆಯವರ ಸೈಕಲ್ ಹತ್ತಬಾರದೆಂಬ ನಿಯಮ ಇರಲಿಲ್ಲ. ಮ್ಯಾನೇಜರು ಸೈಕಲ್ ಒಯ್ಯಬಾರದೆಂಬ ನಿಯಮ ಬರೆಯುವುದು ಯಾರಿಗೂ ಹೊಳೆದಿರಲಿಲ್ಲ.

“ಸರ್, ಛಲೋ ಹೊಡಿತೀರಿ ಖರೆ,” ಎಂದಳು ಏದುಸಿರು ಬಿಡುತ್ತ. “ಆದ್ರ ಇದು ನನ್ನ ರೇಸ್ ಐತ್ರಿ. ಇಳೀರಿ!”

ಇಳಿದೆ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಅವಳು ತನ್ನ ಸೈಕಲ್ ಹತ್ತಿ ಹೋದಳು. ಪಕ್ಕದಲ್ಲಿ ಜೀಪು ಬಂದು ನಿಂತಿತು.

“ಹುಡುಗೀನ ರಸ್ತೆದಾಗ ಬಿಟ್ಟು ಓಡಿಹೋಗೋ ಮ್ಯಾನೇಜರ್‌ನ ಎಲ್ಲೂ ಕಂಡಿಲ್ಲ ಬಿಡ್ರಿ!” ಎಂದಳು ಶಾಂತಾ. “ನಾ ಆಕಿ ಹಿಂದ ಹೋಗ್ತೇನಿ. ನೀವು ಹಾಲಿನಾಂವನ ಸೈಕಲ್ ಮುಟ್ಟಿಸಿ ಬರ್ರಿ.”

ಹೀಗೆ ತಂಡ ಬೀಳಗಿಯ ಕಡೆಗೆ, ತಂಡದ ಮ್ಯಾನೇಜರು ಮುಧೋಳದ ಕಡೆಗೆ! ಈ ಸಲ ಕಬ್ಬಿನ ಹೊಲದಿಂದ ಸಿಳ್ಳೆ ಬರಲಿಲ್ಲ, ನಗು ಬಂತು. ನನಗೆ ಅದರ ಪರಿವೆಯೇ ಇರಲಿಲ್ಲ. ನನ್ನನ್ನು ನಂಬಿ ಬಂದ ಕೂಸು ನನ್ನ ಹುಚ್ಚಿನಿಂದ ಸೋತರೆ ಅವರಪ್ಪನಿಗೆ ಯಾವ ಮುಖ ತೋರಿಸಲಿ? ಅಷ್ಟರಲ್ಲಿ ಫೋನು ಬಂತು.

“ಮೂರನೇದಾಕಿ ಬಂದಳ್ರೀ!” ಶಾಂತಾ ಅಳುತ್ತಿದ್ದಳು. “ನಿಮ್ಮ ಮ್ಯಾಲಿನ ಸಿಟ್ಟಿನಾಗ ತುಳದಾಳಂತ!”

ನಾನೂ ರಸ್ತೆಯ ಬದಿಗೆ ನಿಂತು, ಹಾಲಿನ ಕ್ಯಾನು ಹಿಡಿದುಕೊಂಡು ಮನಸಾರೆ ಅತ್ತೆ.

ಬೀರಪ್ಪ ಬೇವಿನ ಮರದ ಕೆಳಗೆ ಕುಳಿತಿದ್ದ. ಸೈಕಲ್ ಒಪ್ಪಿಸಿ, ಟೋಪಿ ಸರಿಮಾಡಿಕೊಂಡು, ನಾನೇ ಆ ಹುಡುಗಿಯ ಮ್ಯಾನೇಜರ್ ಎಂದು ಗತ್ತಿನಿಂದ ಹೇಳಿದೆ. ಅವನು ನನ್ನ ಸೀಟಿಯನ್ನೂ ನಡುಗುವ ಕಾಲನ್ನೂ ಸಾವಕಾಶವಾಗಿ ನೋಡಿದ.

“ಆಕಿ ನನ್ನ ಸೈಕಲ್‌ನ ಗಾಳಿಹಂಗ ಹೊಡದ್ಲಲ್ರಿ. ಅಂಥಾಕಿಗೆ ಮ್ಯಾನೇಜರ್ ಯಾಕ ಬೇಕ್ರಿ?”

“ಸಿಟ್ಟು ಬರಸಾಕಪಾ,” ಎಂದೆ.