ಬಾಟಲಿಯ ಬೇರು ಮತ್ತು ನಮ್ಮ ಚಿಗವ್ವ

ನಮ್ಮ ಚಿಗವ್ವನ ಮನೆಯಲ್ಲಿ ಸೀನುವುದು ಅಪರಾಧ! ನಂಬಿಕೆ ಬಾರದಿದ್ದರೆ ವಿಜಯಪುರದ ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಗೆ ಹೋಗಿ ಒಮ್ಮೆ ಸೀನಿ ನೋಡಿ.

ಅವ್ವನ ತಂಗಿಯಾದ ಈಕೆ ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸುತ್ತಾಳೆ. ಲಾವಂಚದ ಬೇರಿನ ಚೂರೊಂದನ್ನು ಗಾಜಿನ ಬಾಟಲಿಯ ಪೋಷಕ ದ್ರವಕ್ಕೆ ಹಾಕಿ, ಮಣ್ಣಿಲ್ಲದೆ, ಎಲೆಯಿಲ್ಲದೆ ಬರೀ ಬೇರನ್ನೇ ಬೆಳೆಸಿ, ಅದರಿಂದ ಸುಗಂಧತೈಲ ತೆಗೆಯುವುದು ಆಕೆಯ ಸಂಶೋಧನೆ. ಹೊನವಾಡದಲ್ಲಿ ದ್ರಾಕ್ಷಿ ಬೆಳೆಯುವ ಸೋದರಮಾವ ಬಾಟಲಿ ನೋಡಿ ಕಂಗಾಲಾದ.

"ಗಿಡ ಎಲ್ಲೈತವಾ?"

"ಗಿಡ ಇಲ್ಲಣ್ಣಾ, ಬೇರಷ್ಟ."

"ಹಂಗಾರ ನಾನೂ ಬಳ್ಳಿ ಬಿಟ್ಟು ಬರೀ ದ್ರಾಕ್ಷಿ ಬೆಳಿತೇನಿ ಬಿಡು!"

ಕಾಲೇಜಿನ ಎಸಿ ಕೆಟ್ಟ ಬೇಸಿಗೆಯಲ್ಲಿ ಬಾಟಲಿಗಳು ಆಕೆಯ ಮಲಗುವ ಕೋಣೆಗೇ ಬಂದವು. ಎಸಿ ಬೇರಿಗೆ, ಮಾಳಿಗೆ ಗಂಡನಿಗೆ! ಅದೇ ಹೊತ್ತಿಗೆ ಮಗಳನ್ನು ನೋಡಲು ಬಬಲೇಶ್ವರದಿಂದ ವರನ ಕಡೆಯವರು ಬಂದರು. ಉಪ್ಪಿಟ್ಟಿಗಿಂತ ಮೊದಲು ಕೈಗೆ ಸ್ಪಿರಿಟ್, ಬಾಯಿಗೆ ಮಾಸ್ಕ್. ಆ ಘಾಟಿಗೆ ವರನ ತಂದೆ ಸೀನಿಯೇ ಬಿಟ್ಟರು.

"ಹೊರಗ ನಡೀರಿ, ಬಾಟ್ಲಿಗೆ ಬೂಷ್ಟು ಹತ್ತತೈತಿ!"

ಸಂಬಂಧ ಹೊರಗೆ ಹೋಯಿತು, ಬೇರುಗಳು ಒಳಗೇ ಉಳಿದವು. ಇಷ್ಟೆಲ್ಲ ಮಾಡಿ ಬಂದ ಎಣ್ಣೆ ಎಷ್ಟು? ಸೊಳ್ಳೆಯ ಮೀಸೆಗೆ ಹಚ್ಚಲೂ ಸಾಲದು!

ಕಳೆದ ವರ್ಷ ಜ್ವರ ಬಂದು ಹೋದ ಮೇಲೆ, ಟಿಕೋಟಾದಲ್ಲಿ ನನ್ನೊಂದಿಗಿರುವ ಅವ್ವನಿಗೆ ವಾಸನೆಯೇ ತಿಳಿಯದಾಯಿತು. ಒಗ್ಗರಣೆ ಹೊತ್ತಿದರೂ ಗೊತ್ತಾಗದು. "ಏನ್ ತಿಂದ್ರೂ ಮಣ್ಣ ತಿಂದಂಗ ಆಗ್ತೈತಿ" ಎಂದು ತಟ್ಟೆ ಸರಿಸಿಬಿಡುವಳು. ದಿನದಿನಕ್ಕೆ ಸೊರಗಿದಳು. ಯಾರ ಮದುವೆಗೂ ಬಾರದ ಚಿಗವ್ವ ಆಗ ದಿನಾ ಮೊದಲ ಬಸ್ಸಿಗೆ ಬರತೊಡಗಿದಳು. ಡಾಕ್ಟರು ಹೇಳಿದ ಅಭ್ಯಾಸದಂತೆ ಲವಂಗ, ನೀಲಗಿರಿ ಎಣ್ಣೆಯ ಸೀಸೆಗಳನ್ನು ಒಂದೊಂದಾಗಿ ಅಕ್ಕನ ಮೂಗಿಗೆ ಹಿಡಿಯುವಳು. ಪರೀಕ್ಷೆಗೆ ಕಳಿಸಬೇಕಿದ್ದ ತನ್ನ ಲಾವಂಚದ ಆ ಚೂರು ಎಣ್ಣೆಯನ್ನೂ ತಂದಿದ್ದಳು.

"ಬಂತೇನಕ್ಕಾ?"

"ಇಲ್ಲವಾ."

ತಿಂಗಳುಗಟ್ಟಲೆ ಇದೇ ಮಾತು. ಮಳೆಗಾಲ ಮುಗಿದಿತ್ತು. ಒಂದು ಮುಂಜಾನೆ ಸೀಸೆ ತೆಗೆಯಲು ಬಗ್ಗಿದ ಚಿಗವ್ವನನ್ನು ಅವ್ವ ಸೆರಗಿನಿಂದ ಮೂಗು ಮುಚ್ಚಿಕೊಂಡು ದೂರ ತಳ್ಳಿದಳು.

"ಏನ ಬೇ, ಮೈಯೆಲ್ಲಾ ಡೀಸೆಲ್ ನಾರಾಕತ್ತೈತಿ! ಜಳಕಾ ಮಾಡಿಯೋ ಇಲ್ಲೋ?"

ಸುಗಂಧಕ್ಕಾಗಿ ಗಂಡನನ್ನೇ ಮಾಳಿಗೆಗೆ ಅಟ್ಟಿದವಳಿಗೆ ಇಂಥ ಮಾತೇ! ಚಿಗವ್ವ ಸಿಟ್ಟಾಗಲಿಲ್ಲ. ಅಕ್ಕನ ತೊಡೆಯ ಮೇಲೆ ತಲೆಯಿಟ್ಟು ಬಿಕ್ಕಿದಳು.

"ಇನ್ನೊಮ್ಮಿ ಬೈಯಕ್ಕಾ, ಇನ್ನೊಮ್ಮಿ ಬೈ."