ನಮ್ಮ ಕಾರು ಕುಡಿಯುವ ನೀರು

ಅನುಮಾನ ಅನ್ನೋದು ಬೇರೆಯವರ ಮನೆಗೆ ನೆಂಟರ ಹಾಗೆ ಬಂದು ಹೋಗುತ್ತದೆ. ನಮ್ಮ ಮನೆಯಲ್ಲಿ ಅದಕ್ಕೆ ರೇಷನ್ ಕಾರ್ಡಿನಲ್ಲೇ ಹೆಸರಿದೆ. ಹಾಗಾಗಿ ಇಂಥ ಪ್ರಸಂಗಗಳು ನಮ್ಮಲ್ಲಿ ನಿಂತದ್ದೇ ಇಲ್ಲ.

ನಮ್ಮ ಯಜಮಾನರು ಪೀಣ್ಯದ ಒಂದು ಕಾರ್ಖಾನೆಯ ಸ್ಟೋರ್ಸಿನಲ್ಲಿದ್ದವರು. ಒಳಗೆ ಬಂದ ಒಂದು ಬೋಲ್ಟನ್ನೂ ತಿರುಗಿಸಿ ನೋಡದೆ ಬಿಟ್ಟವರಲ್ಲ. ಆರ್.ಟಿ. ನಗರದ ನಮ್ಮ ಬಾಡಿಗೆ ಮನೆಯ ಮುಂದೆ ಅವರು ಸೆಕೆಂಡ್ ಹ್ಯಾಂಡ್ ಕಾರು ತಂದು ನಿಲ್ಲಿಸಿದ್ದು 2012ರಲ್ಲಿ. ಮಾರಿದವನು "ರೇಡಿಯೇಟರ್‌ಗೆ ನಲ್ಲಿ ನೀರೇ ಸಾಕು ಸಾರ್" ಅಂದ. ನಮ್ಮ ಬೀದಿಯ ಮೆಕ್ಯಾನಿಕ್ಕು "ತಣ್ಣಗಿಡೋ ಕೂಲಂಟ್ ಇಲ್ದೆ ಓಡಿಸ್ಲೇಬೇಡಿ ಸಾರ್, ಇಂಜಿನ್ ಕಾದು ಸೀಜ್ ಆಗತ್ತೆ" ಅಂದ. ಇಬ್ಬರಲ್ಲಿ ಒಬ್ಬ ಕಳ್ಳ ಅಂತ ಇವರಿಗೆ ಖಾತ್ರಿಯಾಯಿತು. ಯಾರು ಅನ್ನೋದು ತೀರ್ಮಾನ ಆಗುವವರೆಗೆ ಇರಲಿ ಅಂತ ಕಾರಿಗೆ ಕವರ್ ಹೊದಿಸಿಬಿಟ್ಟರು.

ನನಗೋ ಒಳಗೇ ಸಂಕಟ. ದೊಡ್ಡಬಳ್ಳಾಪುರದ ಹತ್ತಿರ ನನ್ನ ತಮ್ಮ ಹೊಸ ಮನೆ ಕಟ್ಟಿಸಿದ್ದ, ಮುಂದಿನ ತಿಂಗಳು ಗೃಹಪ್ರವೇಶ. ಅಕ್ಕಂದಿರಿಬ್ಬರೂ ಕಾರಿನಲ್ಲಿ ಬರುವವರು. ದೊಡ್ಡಕ್ಕ ಫೋನು ಮಾಡಿ, "ನೀನು ಬಸ್ಸಲ್ಲಿ ತಾನೇ ಬರೋದು, ಪಾಪ, ಬೇಗ ಹೊರಡು" ಅಂದಿದ್ದಳು. ಆ 'ಪಾಪ' ನನ್ನ ಎದೆಯಲ್ಲಿ ಮುಳ್ಳಾಗಿ ಕೂತಿತ್ತು. ಈ ಸಲ ತಮ್ಮನ ಮನೆ ಮುಂದೆ ಸ್ವಂತ ಕಾರಿನಿಂದಲೇ ಇಳಿಯುವುದು ಅಂತ ಹಟ ಹಿಡಿದೆ.

೧. ಹಸಿರೋ, ಕೆಂಪೋ?

ನನ್ನ ಕಾಟ ತಾಳಲಾರದೆ ಯಜಮಾನರು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೊರಟರು. ಕಾವಲಿಗೆ ನಾನೂ ಹೋದೆ. ಅಂಗಡಿಯವನು ಒಂದು ಹಸಿರು ಡಬ್ಬಿ, ಒಂದು ಕೆಂಪು ಡಬ್ಬಿ ಮುಂದಿಟ್ಟ.

"ಇದರಲ್ಲಿ ಯಾವುದು ಒಳ್ಳೇದು?"

"ಎರಡೂ ಒಳ್ಳೇದೇ ಸಾರ್. ಗಾಡಿ ಪುಸ್ತಕದಲ್ಲಿ ಯಾವುದು ಬರ್ದಿದ್ದಾರೋ ಅದನ್ನ ಹಾಕಿ. ಬಣ್ಣ ನೋಡ್ಬೇಡಿ, ಬಣ್ಣದಿಂದ ಇಂಜಿನ್‌ಗೆ ಏನೂ ಆಗಲ್ಲ."

"ಏನೂ ಆಗಲ್ಲ ಅಂದ್ಮೇಲೆ ಬಣ್ಣ ಯಾಕ್ರೀ ಹಾಕ್ತಾರೆ?"

"ಎಲ್ಲಾದ್ರೂ ಸೋರಿದ್ರೆ ಕಣ್ಣಿಗೆ ಕಾಣ್ಲಿ ಅಂತ ಸಾರ್."

ಇವರು ಎರಡೂ ಡಬ್ಬಿಗಳನ್ನು ಹಿಂದಕ್ಕೆ ತಳ್ಳಿ ನನ್ನ ಕಡೆ ತಿರುಗಿದರು. "ಕೇಳ್ದ್ಯಾ? ಸೋರತ್ತೆ ಅಂತ ಅವರೇ ಒಪ್ಕೊಂಡ್ರು!"

೨. ಅಡುಗೆಮನೆಯಲ್ಲಿ ಪರೀಕ್ಷೆ

ಕಾರಿನ ಪುಸ್ತಕವನ್ನು ಎರಡು ಸಲ ಓದಿ, ಮನಸ್ಸಿಲ್ಲದ ಮನಸ್ಸಿನಿಂದ ಹಸಿರು ಡಬ್ಬಿ ತಂದರು. ಡಬ್ಬಿಯ ಮೇಲೆ 'ಶುದ್ಧ ನೀರಿನೊಂದಿಗೆ ಬೆರೆಸಿ' ಅಂತ ಇತ್ತು. ಅಲ್ಲಿಗೆ ಮತ್ತೆ ಶುರು. ಶುದ್ಧ ಅಂದರೆ ಯಾವುದು?

ಮರುದಿನ ಭಾನುವಾರ. ನಾನು ಅಡುಗೆಮನೆಗೆ ಕಾಲಿಟ್ಟರೆ ಒಲೆಯ ಮೇಲೆ ಬೋರ್ ನೀರು, ಕಾವೇರಿ ನೀರು, ಟ್ಯಾಂಕರ್ ನೀರು, ಅಂಗಡಿಯಿಂದ ತಂದ ಬ್ಯಾಟರಿ ನೀರು, ಎಲ್ಲ ಬೇರೆ ಬೇರೆ ಪಾತ್ರೆಯಲ್ಲಿ ಸರದಿಯ ಮೇಲೆ ಕೊತಕೊತ ಕುದಿಯುತ್ತಿವೆ. ಬತ್ತಿದ ಮೇಲೆ ತಳದಲ್ಲಿ ಏನುಳಿಯುತ್ತೆ ಅಂತ ಇವರು ಸ್ಟೂಲು ಹಾಕಿಕೊಂಡು ಕಾಯುತ್ತಿದ್ದಾರೆ. ನನ್ನ ಬೇಳೆ ಕಟ್ಟೆಯ ಮೇಲೇ ನೆನೆಯುತ್ತಾ ಕೂತಿತು. ಕೊತ್ತಂಬರಿ ಸೊಪ್ಪು ಕೇಳಲು ಬಂದ ಎದುರು ಮನೆಯಾಕೆ ಕಿಟಕಿಯಲ್ಲೇ ಗಾಬರಿಯಾದರು.

"ಇಷ್ಟೊಂದು ಬಿಸಿನೀರು ಯಾಕ್ರೀ? ಯಾರಿಗಾದ್ರೂ ಹೆರಿಗೆ ಆಯ್ತಾ?"

"ಇಲ್ಲ ಕಣ್ರೀ, ಕಾರಿಗೆ" ಅಂದೆ. ಆಕೆ ಸೊಪ್ಪನ್ನೂ ಕೇಳದೆ ಹೊರಟುಹೋದರು.

ಬೋರ್ ನೀರಿನ ಪಾತ್ರೆಯ ತಳದಲ್ಲಿ ಸುಣ್ಣ ಬಳಿದ ಹಾಗೆ ಬೆಳ್ಳಗೆ ಪದರ ಕೂತಿತ್ತು. ಬ್ಯಾಟರಿ ನೀರಿನದರಲ್ಲಿ ಏನೂ ಇರಲಿಲ್ಲ. "ನೋಡು, ಈ ಬೋರ್ ನೀರು ಇಂಜಿನ್ ಒಳಗೆ ಹೋದ್ರೆ ಅದರ ಗತಿ ಏನು? ಒಂದು ತೊಟ್ಟೂ ಕಾರಿಗೆ ಹಾಕ್ಬಾರ್ದು" ಅಂತ ತೀರ್ಪು ಕೊಟ್ಟು, ಬಾಯಾರಿತ್ತೇನೋ, ಅದೇ ಬೋರ್ ನೀರನ್ನು ಒಂದು ಚೊಂಬು ಕುಡಿದರು.

೩. ಸಹಿ ಹಾಕಿದ ಮುಚ್ಚಳ

ಕೂಲಂಟು, ಬ್ಯಾಟರಿ ನೀರು ಎರಡನ್ನೂ ಅರ್ಧಕ್ಕರ್ಧ ಬೆರೆಸಿ ತುಂಬುವ ಕೆಲಸ ಬೀದಿಯ ಮೆಕ್ಯಾನಿಕ್ಕಿಗೇ ಬಿತ್ತು. ಇವರು ಅವನ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು. ಅವನು ಟೀ ಕುಡಿಯಲು ಹೋದರೆ ಡಬ್ಬಿ ಕಂಕುಳಲ್ಲಿಟ್ಟುಕೊಂಡು ಹಿಂದೆಯೇ ಹೋದರು. ಕೊನೆಗೆ ಅವನಿಗೂ ರೇಗಿತು.

"ಸಾರ್, ಇದು ವಿಷ. ಕದ್ದು ನಾನೇನ್ ಮಾಡ್ಲಿ, ಚಪಾತಿಗೆ ನೆಂಚ್ಕೊಂಡ್ ತಿನ್ಲಾ?"

ಮಾರನೆಯ ಬೆಳಿಗ್ಗೆ ಬಾನೆಟ್ ಎತ್ತಿ ನೋಡಿದರೆ ಕಾರಿನೊಳಗಿನ ಡಬ್ಬದಲ್ಲಿ ಕೂಲಂಟು ಒಂದು ಬೆರಳು ಇಳಿದಿದೆ. "ಒಳಗಿದ್ದ ಗಾಳಿ ಹೋಗಿ ಕೆಳಗಿಳಿದಿದೆ ಸಾರ್, ಹೊಸದಾಗಿ ತುಂಬಿದಾಗ ಹಂಗೇ" ಅಂದ ಮೆಕ್ಯಾನಿಕ್ಕು. ತಪ್ಪನ್ನು ಗಾಳಿಯ ಮೇಲೆ ಹಾಕುವವರನ್ನು ಇವರು ಸ್ಟೋರ್ಸಿನಲ್ಲಿ ಎಷ್ಟು ಜನರನ್ನು ನೋಡಿಲ್ಲ! ಕೂಲಂಟನ್ನು ಮತ್ತೆ ಗೆರೆಯವರೆಗೆ ತುಂಬಿ, ಮುಚ್ಚಳದ ಮೇಲೆ ಕಾಗದದ ಪಟ್ಟಿ ಅಂಟಿಸಿ, ಅದರ ಮೇಲೆ ಉದ್ದಕ್ಕೆ ಸಹಿ ಹಾಕಿದರು.

ಮರುದಿನ ಪಟ್ಟಿ ಹರಿದಿರಲಿಲ್ಲ, ಸಹಿ ಹಾಗೇ ಇತ್ತು, ಕೂಲಂಟು ಮಾತ್ರ ಮತ್ತೆ ಸ್ವಲ್ಪ ಇಳಿದಿತ್ತು. ನಾನು "ಇನ್ನಾದ್ರೂ ನಂಬಿ ರೀ" ಅಂದೆ. ಇವರು ಮುಖ ಗಂಭೀರ ಮಾಡಿಕೊಂಡು, ತಗ್ಗಿದ ದನಿಯಲ್ಲಿ ಅಂದರು:

"ವಿಷಯ ನಾವಂದ್ಕೊಂಡಿದ್ದಕ್ಕಿಂತ ದೊಡ್ಡದು ಕಣೇ. ಯಾವನೋ ನನ್ನ ಸಹಿ ಮಾಡೋದನ್ನೂ ಕಲ್ತಿದಾನೆ."

೪. ಗೃಹಪ್ರವೇಶ

ಅಂತೂ ಆ ದಿನ ಬಂತು. ರೇಷ್ಮೆ ಸೀರೆ ಉಟ್ಟು ಮುಂದಿನ ಸೀಟಿನಲ್ಲಿ ಕೂತೆ. ಹೆಬ್ಬಾಳ ದಾಟಿದಾಗ ಮನಸ್ಸಿನಲ್ಲೇ ಕೈಮುಗಿದೆ. ಅಲ್ಲಾಳಸಂದ್ರದ ಹತ್ತಿರ ಒಮ್ಮೆ, ಯಲಹಂಕದಲ್ಲಿ ಇನ್ನೊಮ್ಮೆ ಕಾರು ನಿಲ್ಲಿಸಿ ಬಾನೆಟ್ ಮುಟ್ಟಿ ನೋಡಿದರು. ಹೊಗೆ ಇಲ್ಲ, ಸೋರಿಕೆ ಇಲ್ಲ, ಕಾರು ಬೆಣ್ಣೆಯ ಹಾಗೆ ಓಡುತ್ತಿತ್ತು. ನನಗೆ ಹಾಡು ಬರುವುದೊಂದು ಬಾಕಿ.

ಇವರ ಮುಖ ಮಾತ್ರ ಊರು ಹತ್ತಿರವಾದಷ್ಟೂ ಬಾಡುತ್ತಿತ್ತು. ತಮ್ಮನ ಮನೆಯ ಚಪ್ಪರ ಕಾಣುವ ತಿರುವಿನಲ್ಲಿ ಗಕ್ಕನೆ ನಿಲ್ಲಿಸಿ ಕೀ ತೆಗೆದುಬಿಟ್ಟರು.

"ಯಾಕ್ರೀ?"

"ಬಾನೆಟ್ ಬಿಸಿ ಇದೆ, ಟೆಂಪರೇಚರ್ ಮುಳ್ಳು ಮಾತ್ರ ಆಗಿನಿಂದ ನಡುವೆನೇ ನಿಂತಿದೆ. ಇಷ್ಟು ದೂರ ಬಂದ್ರೂ ಒಂಚೂರು ಏರ್ಬೇಡ್ವಾ? ಏನೋ ಮುಚ್ಚಿಡ್ತಿದೆ."

"ಅಲ್ಲೇ ಕಾಣ್ತಿದೆ ಮನೆ! ನಿಮ್ಮ ದಮ್ಮಯ್ಯ, ಅಲ್ಲೀವರೆಗೆ ನಡೀರಿ!"

"ಇಂಜಿನ್ ಸೀಜ್ ಆದ್ರೆ ನಿಮ್ಮಕ್ಕ ಕೊಡಿಸ್ತಾಳಾ?" ಅಂದವರೇ ತಮ್ಮನಿಗೆ ಫೋನು ಹಚ್ಚಿದರು.

ತಮ್ಮ ಪೂಜೆ ಬಿಟ್ಟು ಪಂಚೆಯಲ್ಲೇ ಟ್ರ್ಯಾಕ್ಟರ್ ತಂದ, ಮಾತಾಡಲೂ ಪುರಸೊತ್ತಿಲ್ಲದೆ ಹಗ್ಗ ಬಿಗಿದ. "ಅಕ್ಕಾ, ನೀನು ಇಳ್ಕೊಂಡು ನಡ್ಕೊಂಡ್ ಬಂದ್ಬಿಡು" ಅಂದ. ಪ್ರಾಣ ಹೋದರೂ ಇಳಿಯುವುದಿಲ್ಲ ಅಂದೆ. ಇವರು ಸ್ಟೀರಿಂಗ್ ಹಿಡಿದು ಕೂತರು. ಮುಂದೆ ಟ್ರ್ಯಾಕ್ಟರ್, ಹಿಂದೆ ನಾವು. ಚಪ್ಪರದ ಓಲಗದವರು ಯಾರೋ ದೊಡ್ಡವರು ಬಂದರು ಅಂತ ಜೋರಾಗಿ ಊದಲು ಶುರುಮಾಡಿದರು. ಊರಿಗೆ ಊರೇ ತಿರುಗಿ ನೋಡಿತು. ಅಕ್ಕಂದಿರು ಬಾಗಿಲಿಗೇ ಬಂದರು. ಅಳು ನುಂಗಿಕೊಂಡು, ಸೆರಗು ಸರಿಮಾಡಿಕೊಂಡು, ಸ್ವಂತ ಕಾರಿನಿಂದ ಇಳಿದೆ.

ತಮ್ಮ ಹಗ್ಗ ಬಿಚ್ಚುತ್ತಾ ಎಲ್ಲರೆದುರಿಗೇ ಕೇಳಿದ. "ಇಂಗಾಗೋಯ್ತಲ್ಲ ಭಾವ! ಗಾಡಿಗೆ ಏನಾಗದೆ?"

ಯಜಮಾನರು ಸುತ್ತ ನೋಡಿ, ಅವನ ಕಿವಿಯ ಹತ್ತಿರ ಬಗ್ಗಿದರು.

"ಏನೂ ಆಗಿಲ್ಲ ಕಣಯ್ಯ. ಅದೇ ನನಗೆ ಅನುಮಾನ."